ವೈರ್‌ಮನ್‌ಗೆ ಪರ್ಮಿಟ್ಟು ಬೇಕು, ಅಣೆಕಟ್ಟಿನ ಇಂಜಿನಿಯರಿಗೆ ಬೇಡವೆ?



ನಿಮ್ಮ ತೋಟದ ಪಂಪ್‌ಸೆಟ್ಟಿಗೆ ಹೊಸದಾಗಿ ಕರೆಂಟು ಎಳೆಸಬೇಕಾದರೆ ಯಾರು ಬೇಕಾದರೂ ಬಂದು ವೈರು ಸಿಗಿಸಿ ಹೋಗುವ ಹಾಗಿಲ್ಲ. ಲೈಸೆನ್ಸು ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರೇ ಆಗಬೇಕು, ಅವನ ಕೈಕೆಳಗೆ ಪರ್ಮಿಟ್ಟು ಪಡೆದ ವೈರ್‌ಮನ್ ಇರಬೇಕು, ಕೆಲಸ ಮುಗಿದ ಮೇಲೆ ಅವರ ಸಹಿ ಬಿದ್ದ ರಿಪೋರ್ಟು ಬೇಕು. ಬೆಳೆಗೆ ಹೊಡೆಯುವ ಔಷಧಿ ಮಾರುವವನಿಗೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಲೈಸೆನ್ಸು ಬೇಕು. ನಿಮ್ಮ ಎಮ್ಮೆಗೆ ಸೂಜಿ ಹಾಕುವ ಪಶುವೈದ್ಯರ ಹೆಸರು 1984ರ ಕಾಯ್ದೆಯಂತೆ ರಿಜಿಸ್ಟರಿನಲ್ಲಿ ಇರಲೇಬೇಕು. ನಿಮ್ಮ ದಾವೆ ನಡೆಸುವ ವಕೀಲರಿಗೆ 1961ರ ಕಾಯ್ದೆ, ಲೆಕ್ಕ ನೋಡುವ ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆ, ಪೇಟೆಯಲ್ಲಿ ಬಂಗಲೆಯ ನಕ್ಷೆ ಬರೆಯುವ ಆರ್ಕಿಟೆಕ್ಟರಿಗೆ 1972ರ ಕಾಯ್ದೆ.

ಸರಿ. ಈಗ ಹೇಳಿ: ನಿಮ್ಮ ಕಾಲುವೆಯ ಅಳತೆ ತೀರ್ಮಾನಿಸುವ, ಏರಿಯ ದಪ್ಪ ಲೆಕ್ಕ ಹಾಕುವ, ‘ಈ ಗೇಟು ಭದ್ರವಾಗಿದೆ’ ಎಂದು ಪುಸ್ತಕದಲ್ಲಿ ಬರೆದು ಕೆಳಗೆ ಸಹಿ ಹಾಕುವ ಇಂಜಿನಿಯರಿಗೆ ಇಂಥ ಯಾವ ಕಾಯ್ದೆ ಇದೆ?

ಇಡೀ ದೇಶಕ್ಕೆ ಅನ್ವಯಿಸುವಂಥದ್ದು ಒಂದೂ ಇಲ್ಲ. ನಂಬಲು ಕಷ್ಟ, ಆದರೆ ಇರುವ ಸಂಗತಿ ಇದೇ. ಡಿಗ್ರಿ ಇರುತ್ತದೆ, ನೌಕರಿ ಇರುತ್ತದೆ. ಲೈಸೆನ್ಸು ಎಂಬುದು ಬೇರೆಯೇ ವಸ್ತು. ಡಿಗ್ರಿಯನ್ನು ಕಾಲೇಜು ಒಂದು ಸಲ ಕೊಟ್ಟರೆ ಮುಗಿಯಿತು, ವಾಪಸ್ಸು ಕೇಳುವವರಿಲ್ಲ. ನೌಕರಿ ಕೊಟ್ಟದ್ದು ಸರ್ಕಾರ ಅಥವಾ ಕಂಪನಿ, ಆದ್ದರಿಂದ ನೌಕರ ತಲೆಬಾಗುವುದು ಅವರಿಗೆ. ಲೈಸೆನ್ಸು ಜನರ ಹೆಸರಿನಲ್ಲಿ ಕೊಡುವಂಥದ್ದು. ತಪ್ಪು ಮಾಡಿದರೆ ಕಿತ್ತುಕೊಳ್ಳುವಂಥದ್ದು. ವೈದ್ಯರೊಬ್ಬರು ನಡತೆಗೆಟ್ಟರೆ ಅವರ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಬಹುದು, ಆಮೇಲೆ ಅವರು ಎಲ್ಲಿ ಹೋಗಿ ಬೋರ್ಡು ಹಾಕಿದರೂ ಅಪರಾಧ. ಇಂಜಿನಿಯರಿಗೆ ಹಾಗೆ ಹೊಡೆದುಹಾಕಲು ರಿಜಿಸ್ಟರೇ ಇಲ್ಲ.

ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಎಂಬ ಹಳೆಯ ಸಂಸ್ಥೆ ಇದೆ. 1920ರಲ್ಲಿ ಹುಟ್ಟಿದ್ದು, 1935ರಲ್ಲಿ ಬ್ರಿಟಿಷ್ ರಾಜರ ಸನದು ಪಡೆದದ್ದು. ‘ಚಾರ್ಟರ್ಡ್ ಇಂಜಿನಿಯರ್’ ಎಂಬ ಬಿರುದು ಕೊಡುತ್ತದೆ, ನೀತಿಸಂಹಿತೆಯನ್ನೂ ಬರೆದಿಟ್ಟಿದೆ. ಆದರೆ ಆ ಬಿರುದು ಇಲ್ಲದವರು ಅಣೆಕಟ್ಟು ಕಟ್ಟಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಪೇಟೆಯ ಕಾರ್ಪೊರೇಷನ್ನುಗಳು ಮನೆ ನಕ್ಷೆಗೆಂದು ತಮ್ಮ ಮಟ್ಟದಲ್ಲಿ ಇಂಜಿನಿಯರುಗಳ ಹೆಸರು ನೋಂದಾಯಿಸಿಕೊಳ್ಳುತ್ತವೆ, ಅಷ್ಟೆ. ಇಂಜಿನಿಯರುಗಳ ಮಸೂದೆ ಎಂಬ ಮಾತು ಎರಡು ದಶಕಕ್ಕೂ ಮೀರಿ ದೆಹಲಿಯಲ್ಲಿ ಸುತ್ತುತ್ತಿದೆ. 2025ರಲ್ಲೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಒಂದು ಕರಡನ್ನು ಅಭಿಪ್ರಾಯಕ್ಕೆ ಬಿಟ್ಟಿತು. ಅದರ ಬಗ್ಗೆ ಪೇಟೆಯ ಕಾಲೇಜುಗಳಲ್ಲಿ ಚರ್ಚೆಯಾಯಿತು. ಅಚ್ಚುಕಟ್ಟಿನ ರೈತನನ್ನು ಯಾರೂ ಕೇಳಲಿಲ್ಲ.

‘ಇದೆಲ್ಲ ಓದಿದವರ ವ್ಯವಹಾರ, ರಾಗಿ ಭತ್ತದ ಧಾರಣೆ ಬಿಟ್ಟು ಇದನ್ಯಾಕೆ ಹಿಡಕೊಂಡ್ರಿ’ ಅಂತೀರೇನೋ. ತುಂಗಭದ್ರಾ ಅಚ್ಚುಕಟ್ಟಿನವರು ಹಾಗೆ ಕೇಳಲಿಕ್ಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿ ನಿಂತಿದ್ದಾಗ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಯಿತು. ಗೇಟೇ ಕೊಚ್ಚಿಕೊಂಡು ಹೋಯಿತು. ಸುಮಾರು 70 ವರ್ಷದ ಹಳೆಯ ಕಟ್ಟೆ, 33 ಗೇಟು. ಒಂದು ಕಡೆ ಒತ್ತಡ ಬೀಳದಿರಲೆಂದು ಉಳಿದ ಗೇಟುಗಳನ್ನೂ ಎತ್ತಿ, ನಾಟಿಗೆಂದು ಕಾದಿದ್ದ ನೀರನ್ನು ಹಗಲು ರಾತ್ರಿ ಹೊಳೆಗೆ ಬಿಟ್ಟರು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ರೈತರು ದಂಡೆಯಲ್ಲಿ ನಿಂತು ತಮ್ಮ ಭತ್ತ ಹರಿದುಹೋಗುವುದನ್ನು ಕಣ್ಣಾರೆ ನೋಡಿದರು. ಗೇಟುಗಳ ಕೆಲಸದಲ್ಲೇ ಬಾಳು ಕಳೆದ ನಿವೃತ್ತ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ನೀರು ಹರಿಯುತ್ತಿರುವಾಗಲೇ ಉಕ್ಕಿನ ಸ್ಟಾಪ್‌ಲಾಗ್ ಹಲಗೆಗಳನ್ನು ಇಳಿಸಿ ವಾರದೊಳಗೆ ಕಂಡಿ ಮುಚ್ಚಿದರು. ಆ ಹಿರಿಯರಿಗೂ ಅವರ ಜೊತೆ ಪ್ರಾಣ ಪಣಕ್ಕಿಟ್ಟು ದುಡಿದ ಕೂಲಿ ಕೆಲಸಗಾರರಿಗೂ ರೈತರು ಕೈಮುಗಿದದ್ದು ನ್ಯಾಯವೇ. ಕಲಿತ ವಿದ್ಯೆಗೂ ಹೊತ್ತ ಹೊಣೆಗೂ ಅದು ಸಂದ ಗೌರವ.

ಆದರೆ ಆ ಸರಪಳಿಯ ವಿಷಯ? ಅದನ್ನು ಕೊನೆಯ ಸಲ ಪರೀಕ್ಷಿಸಿದವರು ಯಾರು, ಪರೀಕ್ಷಿಸಿ ಏನೆಂದು ಬರೆದರು? ಕಂಡಿ ಮುಚ್ಚಿದವರ ಹೆಸರು ಊರೂರಿಗೆ ಗೊತ್ತಾಯಿತು. ಸರಪಳಿ ಸರಿಯಾಗಿದೆ ಎಂದವರ ಒಂದು ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತೆ? ಕೊನೆಗೆ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ತೀರ್ಮಾನವಾಯಿತು. 105 ಟಿ.ಎಂ.ಸಿ. ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲಕ್ಕೆ 80 ಟಿ.ಎಂ.ಸಿ.ಗೆ ಮಿತಿ ಹಾಕಿದರು. ಆ 25 ಟಿ.ಎಂ.ಸಿ. ಯಾರ ಪಾಲಿನದು ಸ್ವಾಮಿ? ನೀರು ಬರುತ್ತದೆಂದು ನಂಬಿ ಸೊಸೈಟಿಯಲ್ಲಿ ಎತ್ತಿದ ಬೆಳೆಸಾಲಕ್ಕೆ, ಗೊಬ್ಬರದಂಗಡಿಯ ಉದ್ದರಿಗೆ, ಟ್ರ್ಯಾಕ್ಟರ್ ಕಂತಿಗೆ ಗೇಟು ಮುರಿದ ಕಾರಣ ಒಂದು ದಿನದ ಬಡ್ಡಿಯೂ ನಿಲ್ಲುವುದಿಲ್ಲ. ಸಾಲ ತೀರಿಸದ ರೈತನ ಹೆಸರು ನೋಟೀಸು ಬೋರ್ಡಿನ ಮೇಲೆ ಬರುತ್ತದೆ, ತಂದೆಯ ಹೆಸರು ಸರ್ವೆ ನಂಬರು ಸಮೇತ. ಸರ್ಕಾರದ ಕಡತದಲ್ಲಿ ಹೆಸರು ವಿಳಾಸ ಇಟ್ಟುಕೊಂಡು ಹೊಣೆ ಹೊರುವವನು ರೈತ ಒಬ್ಬನೇ ಎಂದು ಕಾಣುತ್ತದೆ.

ಇಂಜಿನಿಯರಿಗೆ ಲೈಸೆನ್ಸು ಎಂಬ ಕಾನೂನು ಅಮೆರಿಕದಲ್ಲಿ ಮೊದಲು ಹುಟ್ಟಿದ್ದು ಎಲ್ಲಿ ಗೊತ್ತೆ? ನ್ಯೂಯಾರ್ಕಿನ ಗಗನಚುಂಬಿಗಳ ಕೆಳಗಲ್ಲ. ದನ ಮೇಯಿಸುವ, ಮಳೆ ಕಡಿಮೆ ಬೀಳುವ ವಯೋಮಿಂಗ್ ರಾಜ್ಯದ ಕಾಲುವೆ ದಂಡೆಯ ಮೇಲೆ. ಅಲ್ಲಿ ಹೊಳೆಯಿಂದ ಹೊಲಕ್ಕೆ ನೀರು ತಿರುಗಿಸಬೇಕಾದರೆ ರಾಜ್ಯದ ಇಂಜಿನಿಯರ ಕಚೇರಿಗೆ ಅರ್ಜಿ ಹಾಕಬೇಕು, ಜೊತೆಗೆ ಕಾಲುವೆಯ ನಕ್ಷೆ ಕೊಡಬೇಕು. ನಕ್ಷೆಗಳು ಬಂದವು ರಾಶಿ ರಾಶಿ. ನೋಡಿದರೆ ವಕೀಲರು, ನೋಟರಿಗಳು, ಅಳತೆಯ ಸರಪಳಿ ಹಿಡಿದು ಗೊತ್ತಿಲ್ಲದವರೆಲ್ಲ ‘ಇಂಜಿನಿಯರ್’ ಎಂದು ಸಹಿ ಜಡಿದಿದ್ದಾರೆ. ಸುಳ್ಳು ಅಳತೆಯ ನಕ್ಷೆಯಿಂದ ಒಬ್ಬನ ಪಾಲಿನ ನೀರು ಇನ್ನೊಬ್ಬನ ಹೆಸರಿಗೆ ಹೋಗಬಹುದು. ಅಲ್ಲಿನ ರಾಜ್ಯ ಇಂಜಿನಿಯರ್ ಕ್ಲಾರೆನ್ಸ್ ಜಾನ್‌ಸ್ಟನ್ ಎಂಬುವರು ಇದನ್ನು ಸಹಿಸದೆ ಕಾನೂನು ತರಿಸಿದರು. 1907ರಲ್ಲಿ. ಪರೀಕ್ಷೆ ಪಾಸಾದವನು ಮಾತ್ರ ಹಾಗೆ ಸಹಿ ಹಾಕಬಹುದು ಎಂದು. ನೀರಾವರಿ ರೈತನ ನೀರಿನ ಹಕ್ಕು ಕಾಯಲು ಹುಟ್ಟಿದ ಕಾನೂನು ಅದು. ಆಮೇಲೆ ಒಂದೊಂದಾಗಿ ಅಲ್ಲಿನ ಎಲ್ಲ ರಾಜ್ಯಗಳಿಗೂ ಹಬ್ಬಿತು. ಈಗ ಅಲ್ಲಿ ಸಾಮಾನ್ಯವಾಗಿ ಡಿಗ್ರಿ ಆದ ಮೇಲೆ ಒಂದು ಪರೀಕ್ಷೆ, ಲೈಸೆನ್ಸು ಇರುವವರ ಕೈಕೆಳಗೆ ನಾಲ್ಕು ವರ್ಷದ ಕೆಲಸ, ಮತ್ತೆ ಇನ್ನೊಂದು ಪರೀಕ್ಷೆ. ಅಷ್ಟಾದ ಮೇಲೆ ಒಂದು ಮೊಹರು. ಜನರ ಸುರಕ್ಷತೆಗೆ ಸಂಬಂಧಿಸಿದ ನಕ್ಷೆಯ ಮೇಲೆ ಆ ಮೊಹರು ಬೀಳಬೇಕು, ಬಿದ್ದಮೇಲೆ ಹೊಣೆ ಆ ವ್ಯಕ್ತಿಯದೇ. ಅವರ ನೀತಿಸಂಹಿತೆಯ ಮೊದಲ ಮಾತು, ಹಣ ಕೊಟ್ಟ ಧಣಿಗಿಂತ ಜನರ ಜೀವ ದೊಡ್ಡದು ಎಂಬ ಅರ್ಥದ್ದು.

ಇಲ್ಲಿ ನಿಮ್ಮಲ್ಲಿ ಹಲವರು ತಲೆ ಅಲ್ಲಾಡಿಸುತ್ತೀರಿ, ಗೊತ್ತು. ಲೈಸೆನ್ಸು ಅಂದರೆ ಇನ್ನೊಂದು ಆಫೀಸು, ಆಫೀಸು ಅಂದರೆ ಇನ್ನೊಂದು ಟೇಬಲ್ಲು, ಟೇಬಲ್ಲಿನ ಕೆಳಗೆ ಇನ್ನೊಂದು ಕೈ. ಲೆವಿ ಕಾಲದಿಂದ ನೋಡಿದ್ದೇವೆ. ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ‘ನಮ್ಮ ಕೆರೆ ಕಟ್ಟಿದ ಒಡ್ಡರಿಗೆ ಯಾವ ಲೈಸೆನ್ಸಿತ್ತು? ಮುನ್ನೂರು ವರ್ಷದಿಂದ ನಿಂತಿಲ್ಲವೆ?’

ಮಾತು ನಿಜ. ಆದರೆ ಅವು ಯಾಕೆ ನಿಂತವು ಎಂದು ಯೋಚನೆ ಮಾಡಿ. ಏರಿ ಕಾಯುವ ನೀರುಗಂಟಿಯ ಗುಡಿಸಲು ಏರಿಯ ಕೆಳಗೇ ಇತ್ತು. ಅವನ ತುಂಡು ಗದ್ದೆ ಅದೇ ತೂಬಿನ ನೀರಿಗೆ ಕಾಯುತ್ತಿತ್ತು. ಏರಿ ಒಡೆದರೆ ಮೊದಲು ಮುಳುಗುವವನು ಅವನೇ. ಊರಿನವರ ಮುಂದೆ ನಾಳೆ ಮುಖ ತೋರಿಸಬೇಕಾದವನೂ ಅವನೇ. ಅದಕ್ಕಿಂತ ಕಠಿಣವಾದ ಲೈಸೆನ್ಸು ಯಾವುದಿದೆ? ಇವತ್ತು ನಿಮ್ಮ ಕೆರೆಯ ಡ್ರಾಯಿಂಗು ಬರೆಯುವವರು ಆ ಏರಿಯನ್ನು ನೋಡಿರುತ್ತಾರೋ ಇಲ್ಲವೋ. ಒಡೆದಾಗ ಅವರು ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ, ಇಲ್ಲವೆ ಪಿಂಚಣಿ ತೆಗೆದುಕೊಳ್ಳುತ್ತಿರುತ್ತಾರೆ. ಏರಿಯ ಕೆಳಗಿದ್ದ ಗುಡಿಸಲಿನ ಬದಲಿಗೆ ಏನಾದರೂ ಬೇಕಲ್ಲ? ಲೈಸೆನ್ಸು ಕೇಳುವುದು ಅದಕ್ಕೇ.

ಅನುಭವ ಒಂದೇ ಸಾಕು ಎನ್ನುವವರು ಕ್ಯಾಲಿಫೋರ್ನಿಯಾದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟಿನ ಕತೆ ಕೇಳಬೇಕು. ಕಟ್ಟಿಸಿದವರು ವಿಲಿಯಂ ಮಲ್‌ಹಾಲೆಂಡ್. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ನೀರಿನ ಕಾಲುವೆ ಶುಚಿ ಮಾಡುವ ಕೆಲಸದಿಂದ ಶುರುಮಾಡಿ, ತಾವೇ ಓದಿ ಕಲಿತು, ಲಾಸ್ ಏಂಜಲೀಸ್ ಊರಿಗೆ ದೂರದ ಕಣಿವೆಯಿಂದ ನೀರು ತಂದ ಮಹಾಶಯ. ಊರು ಅವರನ್ನು ದೇವರಂತೆ ಕಂಡಿತು. ಅಣೆಕಟ್ಟು ಕಟ್ಟುತ್ತಿರುವಾಗಲೇ ಎರಡು ಸಲ ಹತ್ತು ಹತ್ತು ಅಡಿ ಎತ್ತರಿಸಿದರು, ಬುಡ ಮಾತ್ರ ಅಗಲ ಮಾಡಲಿಲ್ಲ. ದೇವರ ಲೆಕ್ಕವನ್ನು ಇನ್ನೊಮ್ಮೆ ನೋಡುವವರು ಯಾರು? 1928ರ ಮಾರ್ಚ್ 12ರ ಬೆಳಿಗ್ಗೆ ಕಾವಲುಗಾರ ಕೆಸರು ನೀರು ಜಿನುಗುತ್ತಿದೆ ಎಂದು ಹೇಳಿಕಳಿಸಿದ. ಮಲ್‌ಹಾಲೆಂಡ್ ಬಂದು ನೋಡಿ ಭಯವಿಲ್ಲ ಎಂದು ಹೋದರು. ಅದೇ ದಿನ ನಡುರಾತ್ರಿಗೆ ಮೂರು ನಿಮಿಷ ಇರುವಾಗ ಕಟ್ಟೆ ಒಡೆಯಿತು. ಕೆಳಗಿನ ಸಾಂಟಾ ಕ್ಲಾರಾ ಹೊಳೆಯ ಬಯಲಿನ ಕಿತ್ತಳೆ ತೋಟ, ಒಕ್ಕಲು ಮನೆ, ಮೆಕ್ಸಿಕೋದಿಂದ ಬಂದ ಕೂಲಿಯವರ ಬಿಡಾರ ಎಲ್ಲವನ್ನೂ ಎಳೆದುಕೊಂಡು ನೀರು ಸಮುದ್ರ ಸೇರಿತು. ಸತ್ತವರು 400ಕ್ಕೂ ಹೆಚ್ಚು. ಮಲ್‌ಹಾಲೆಂಡ್ ವಿಚಾರಣೆಯಲ್ಲಿ ತಪ್ಪನ್ನು ಯಾರ ತಲೆಗೂ ಕಟ್ಟಲಿಲ್ಲ, ತನ್ನದೇ ಎಂದರು. ದೊಡ್ಡ ಮನಸ್ಸು, ಸರಿಯೆ. ಆದರೆ ಹೋದ ಜೀವ? ಇಂಥ ಕೆಲಸವನ್ನು ಇನ್ನೆಂದೂ ಒಬ್ಬನೇ ಮನುಷ್ಯನ ತೀರ್ಮಾನಕ್ಕೆ ಬಿಡಬಾರದು ಎಂದರು ಪಂಚರು. ಮರುವರ್ಷ, 1929ರಲ್ಲಿ, ಆ ರಾಜ್ಯ ಸಿವಿಲ್ ಇಂಜಿನಿಯರುಗಳಿಗೆ ನೋಂದಣಿ ಕಡ್ಡಾಯ ಮಾಡಿತು, ಅಣೆಕಟ್ಟುಗಳನ್ನೂ ಸರ್ಕಾರದ ತಪಾಸಣೆಗೆ ಒಳಪಡಿಸಿತು.

ಲೈಸೆನ್ಸು ಕಿತ್ತುಕೊಂಡದ್ದಕ್ಕೂ ಒಂದು ನಿದರ್ಶನ ಹೇಳುತ್ತೇವೆ. 1981ರ ಜುಲೈನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ದೊಡ್ಡ ಹೋಟೆಲೊಂದರಲ್ಲಿ ಮೇಲಿನಿಂದ ತೂಗುಬಿಟ್ಟಿದ್ದ ಎರಡು ಸಾಲು ಓಡಾಟದ ಸೇತುವೆ ಕುಸಿದು 114 ಜನ ಸತ್ತರು. ಮೊದಲ ನಕ್ಷೆಯಲ್ಲಿ ಎರಡೂ ಒಂದೇ ಉದ್ದದ ಸರಳಿಗೆ ತೂಗುತ್ತಿದ್ದವು. ಕೆಲಸದ ಹೊತ್ತಿಗೆ ಸರಳನ್ನು ಎರಡು ತುಂಡು ಮಾಡಿ, ಕೆಳಗಿನದನ್ನು ಮೇಲಿನದಕ್ಕೆ ನೇತುಹಾಕಿದರು. ಬಾವಿಯಲ್ಲಿ ಇಬ್ಬರು ಒಂದೇ ಹಗ್ಗ ಹಿಡಿಯುವುದಕ್ಕೂ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿದು ಜೋತುಬೀಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಯಾರೂ ಮತ್ತೆ ಲೆಕ್ಕ ಹಾಕಿ ನೋಡಲಿಲ್ಲ. ಕ್ರಿಮಿನಲ್ ಮೊಕದ್ದಮೆ ನಿಲ್ಲಲಿಲ್ಲ. ಆದರೆ ಮಿಸೌರಿ ರಾಜ್ಯ ಹೊಣೆಯಾದ ಇಬ್ಬರು ಇಂಜಿನಿಯರುಗಳ ಲೈಸೆನ್ಸನ್ನು ರದ್ದು ಮಾಡಿತು. ‘ಅದು ಕೆಳಗಿನವರು ಮಾಡಿದ್ದು’ ಎಂಬ ಸಬೂಬು ನಡೆಯಲಿಲ್ಲ. ಮೊಹರು ನಿಮ್ಮದು, ಹೊಣೆಯೂ ನಿಮ್ಮದು.

ನಮ್ಮಲ್ಲಿ? ಗುಜರಾತಿನ ಮೋರ್ಬಿಗೆ ಬನ್ನಿ. ಮಚ್ಛು ಹೊಳೆಯ ಎರಡನೇ ಅಣೆಕಟ್ಟಿಗೆ ಕೋಡಿಯ ಅಳತೆ ಇಟ್ಟದ್ದು ಸುಮಾರು ಎರಡು ಲಕ್ಷ ಕ್ಯೂಸೆಕ್ ನೀರಿಗೆ. 1979ರ ಆಗಸ್ಟ್ 11ರಂದು ಬಂದದ್ದು ಅದರ ಎರಡು ಪಾಲಿಗೂ ಮೀರಿ. ನೀರು ಮಣ್ಣಿನ ಏರಿಯ ಮೇಲೆ ಹರಿದು ಏರಿಯೇ ಕರಗಿತು. ಸತ್ತವರು ಎರಡು ಸಾವಿರವೋ, ಹತ್ತಿಪ್ಪತ್ತು ಸಾವಿರವೋ, ಇಂದಿಗೂ ಒಂದು ಲೆಕ್ಕವಿಲ್ಲ. ನ್ಯಾಯಾಂಗ ಆಯೋಗ ಕೂಡಿಸಿದರು, ವರದಿ ಬರುವ ಮೊದಲೇ ಸರ್ಕಾರ ಆ ಆಯೋಗವನ್ನೇ ಮುಚ್ಚಿತು. ಭೂಕಂಪದ ಪೆಟ್ಟು ತಿಂದ ಆ ರಾಜ್ಯ 2006ರಲ್ಲಿ ಸಿವಿಲ್ ಇಂಜಿನಿಯರುಗಳಿಗೆಂದು ತನ್ನದೇ ಕಾಯ್ದೆಯನ್ನೂ ಮಾಡಿಕೊಂಡಿತು. ಆದರೂ ಅದೇ ಮೋರ್ಬಿಯಲ್ಲಿ, ಅದೇ ಮಚ್ಛು ಹೊಳೆಯ ಮೇಲೆ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ರಿಪೇರಿ ಮತ್ತು ನಿರ್ವಹಣೆಯ ಹೊಣೆ ಇದ್ದದ್ದು ಗಡಿಯಾರ ಮಾಡುವ ಕಂಪನಿಯೊಂದರ ಕೈಯಲ್ಲಿ. ಯೋಗ್ಯತಾ ಪತ್ರ ಇಲ್ಲದೆಯೇ ನಾಲ್ಕು ದಿನ ಮುಂಚೆ ತೆರೆದಿದ್ದರು. ಒಂದು ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವೆಂದು ತನಿಖೆ ಹೇಳಿತು. ಕಾಯ್ದೆ ಒಂದಿದ್ದರೆ ಸಾಲದು ಎಂಬುದಕ್ಕೂ ಇದೇ ಸಾಕ್ಷಿ.

ಈಗ ನಮ್ಮ ಹೋಬಳಿಯ ಒಂದು ಸಂಗತಿ. ಹೆಸರುಗಳು ಬೇಡ. ಕೆಲವು ವರ್ಷದ ಹಿಂದೆ ಒಂದು ಕೆರೆಗೆ ದುರಸ್ತಿ ಮಂಜೂರಾಯಿತು. ಹಳೆಯ ಕೋಡಿ ಕಲ್ಲುಗಳನ್ನು ಕಿತ್ತು ಕಾಂಕ್ರೀಟಿನದನ್ನು ಹಾಕಿದರು, ಹಾಕುವಾಗ ಕೋಡಿಯ ಅಗಲ ಕಡಿಮೆಯಾಯಿತು. ವಯಸ್ಸಾದ ನೀರುಗಂಟಿಯೊಬ್ಬರು ನೋಡಿ, ‘ಸ್ವಾಮಿ, ಈ ಕೋಡಿ ಈ ಕೆರೆ ನೀರಿಗೆ ಸಾಲಾದಿಲ್ಲ’ ಅಂದರು. ಕೆಲಸ ನೋಡುತ್ತಿದ್ದ ಹುಡುಗ, ಇನ್ನೂ ಮೂವತ್ತು ತುಂಬದ ಇಂಜಿನಿಯರು, ಹೇಳಿದ್ದು ಇಷ್ಟು: ‘ನಂಗೂ ಗೊತ್ತು ಅಜ್ಜ. ಮೇಲಿಂದ ಡ್ರಾಯಿಂಗ್ ಹಿಂಗೇ ಬಂದೈತೆ. ನಾನೇನ್ ಮಾಡ್ಲಿ?’ ಎರಡನೇ ಮಳೆಗಾಲಕ್ಕೆ ಏರಿ ಒಡೆಯಿತು. ಕೆಳಗಿನ ಗದ್ದೆಗಳ ಮೇಲೆ ಮಂಡಿಯುದ್ದ ಮರಳು ನಿಂತಿತು.

ಆ ಹುಡುಗನ ಮೇಲೆ ನಮಗೆ ಸಿಟ್ಟು ಬರಲಿಲ್ಲ, ಅಥವಾ ಬಂದ ಸಿಟ್ಟು ಅಲ್ಲೇ ನಿಲ್ಲಲಿಲ್ಲ. ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿಯೂ ಹೇಳಿದ. ಗೊತ್ತಿದ್ದೂ ಮೆಜರ್‌ಮೆಂಟ್ ಬುಕ್ಕಿನಲ್ಲಿ ಅಳತೆ ಬರೆದು ಸಹಿ ಹಾಕಿದ. ಹಾಕದಿದ್ದರೆ ಏನಾಗುತ್ತಿತ್ತು? ಬಿಲ್ಲು ನಿಲ್ಲುತ್ತಿತ್ತು, ಕಂಟ್ರಾಕ್ಟರು ಶಾಸಕರ ಮನೆಗೆ ಹೋಗುತ್ತಿದ್ದ, ಎಂಟು ದಿನದಲ್ಲಿ ಇವನ ಗಂಟುಮೂಟೆ ಇನ್ನೊಂದು ಜಿಲ್ಲೆಗೆ. ಕಡತಕ್ಕೆ ಅವನ ಮೇಲೂ ನಾಲ್ಕೈದು ಸಹಿ ಬೀಳುತ್ತವೆ. ಒಬ್ಬರು ಇನ್ನೊಬ್ಬರ ಸಹಿ ನೋಡಿ ಸಹಿ ಹಾಕುತ್ತಾರೆ. ಆರು ಸಹಿ ಇರುವ ಕಾಗದಕ್ಕೆ ಹೊಣೆಗಾರ ಒಬ್ಬನೂ ಇಲ್ಲ.

ಬರಿಯ ವರ್ಗಾವಣೆಯ ಭಯವೂ ಅಲ್ಲ. ಸತ್ಯೇಂದ್ರ ದುಬೆ ಎಂಬ ತರುಣ ಇಂಜಿನಿಯರ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿದ್ದರು. ಸುವರ್ಣ ಚತುಷ್ಪಥದ ಕೆಲಸದ ಅಕ್ರಮಗಳನ್ನು 2002ರಲ್ಲಿ ನೇರವಾಗಿ ಪ್ರಧಾನಿ ಕಚೇರಿಗೆ ಬರೆದರು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡರು. ಕಾಗದ ಹೆಸರು ಸಮೇತ ಕಚೇರಿಯಿಂದ ಕಚೇರಿಗೆ ಸುತ್ತಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದು ದರೋಡೆಗೆಂದು ನಡೆದ ಕೊಲೆ ಎಂದಿತು ಸಿಬಿಐ. ಇರಲಿ. ಹೆಸರು ಗುಟ್ಟಾಗಿಡಿ ಎಂದವರ ಹೆಸರು ಹೊರಬಿದ್ದದ್ದಂತೂ ಸುಳ್ಳಲ್ಲ. ಇಂಥವರ ರಕ್ಷಣೆಗೆಂದು 2014ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಮಾಡಿ ಹತ್ತು ವರ್ಷ ಕಳೆದರೂ ಅದನ್ನು ಜಾರಿಗೆ ತರಲಿಲ್ಲ.

ಆದ್ದರಿಂದ ನಾವು ಕೇಳುವ ಲೈಸೆನ್ಸು ಇಂಜಿನಿಯರನ್ನು ಹೊಡೆಯುವ ದೊಣ್ಣೆ ಮಾತ್ರ ಆಗಬಾರದು. ಆ ಹುಡುಗನ ಕೈಯಲ್ಲಿ ಅದು ಗುರಾಣಿಯೂ ಆಗಬೇಕು. ‘ಈ ಡ್ರಾಯಿಂಗಿಗೆ ಸಹಿ ಹಾಕಿದರೆ ನನ್ನ ಲೈಸೆನ್ಸು ಹೋಗುತ್ತದೆ, ಹಾಕಲಾರೆ’ ಎಂದು ಅವನು ಮೇಲಿನವರಿಗೆ ಹೇಳುವಂತಿರಬೇಕು. ಹಾಗೆ ಹೇಳಿದ ಕಾರಣಕ್ಕೆ ಅವನನ್ನು ಎತ್ತಿಹಾಕಿದರೆ ಆ ಎತ್ತಿಹಾಕಿದವರೂ ಉತ್ತರ ಹೇಳಬೇಕು. ಮಂಡಳಿ ಮಾಡುವುದಾದರೆ ಅದರಲ್ಲಿ ಇಂಜಿನಿಯರುಗಳೇ ತುಂಬಿಕೊಂಡು ಒಬ್ಬರ ಬೆನ್ನು ಒಬ್ಬರು ತಟ್ಟುವುದು ಬೇಡ, ನೀರು ಬಳಕೆದಾರರ ಸಂಘದವರೂ ಕೂರಲಿ. ದೊಡ್ಡ ಕಟ್ಟೆಗಳಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆ, ಒಳ್ಳೆಯದೇ. ಆದರೆ ಅದು 15 ಅಡಿಯ ಕೆರೆ ಏರಿಯ ಕಡೆ ತಿರುಗಿ ನೋಡುವುದಿಲ್ಲ. 15 ಮೀಟರಿಗೆ ಮೀರಿದವು, ಕೆಲವು ಷರತ್ತಿಗೆ ಒಳಪಟ್ಟ 10 ಮೀಟರಿಗೆ ಮೇಲಿನವು ಮಾತ್ರ ಅದರ ವ್ಯಾಪ್ತಿ. ಅದರಲ್ಲಿ ಹೇಳಿರುವ ಜೈಲು ಶಿಕ್ಷೆ ಅಧಿಕಾರಿಯನ್ನು ತಡೆದವರಿಗೆ, ಕಾಯ್ದೆಯಡಿ ಕೊಟ್ಟ ನಿರ್ದೇಶನ ಪಾಲಿಸದವರಿಗೆ. ತಪ್ಪು ಲೆಕ್ಕ ಬರೆದವರ ಹೆಸರು ಹೊಡೆದುಹಾಕುವ ರಿಜಿಸ್ಟರು ಅಲ್ಲೂ ಇಲ್ಲ.

ಪ್ರತಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕಿ ಇಂಜಿನಿಯರುಗಳ ದಿನ ಆಚರಿಸುತ್ತಾರೆ. ಮಂಡ್ಯದ ರೈತರ ಮನೆಗಳಲ್ಲಿ ಆ ಪಟ ಯಾರೂ ಹೇಳದೆಯೇ ತೂಗುತ್ತಿದೆ. ಕಟ್ಟೆಯ ಜೊತೆ ಹೆಸರು ಸೇರಿಕೊಳ್ಳುವುದೆಂದರೆ ಅದು.

ಕಾನೂನು ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಕಾಗದದ ನಕಲನ್ನಷ್ಟೇ ಅಲ್ಲ, ನಡೆಯುತ್ತಿರುವ ಕಾಮಗಾರಿಯನ್ನು ಹೋಗಿ ನೋಡುವ ಹಕ್ಕನ್ನೂ, ಅಲ್ಲಿಯ ಸಿಮೆಂಟು ಜಲ್ಲಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ನಿಮ್ಮೂರ ಕೆರೆ, ಪಿಕಪ್, ಉಪಕಾಲುವೆ, ಯಾವುದಾದರೂ ಒಂದನ್ನು ಹಿಡಿಯಿರಿ. ಇದರ ಡಿಸೈನು ಲೆಕ್ಕ ಹಾಕಿದವರು ಯಾರು, ಕೋಡಿಯನ್ನು ಎಷ್ಟು ನೀರಿಗೆಂದು ಅಳತೆ ಮಾಡಿದರು, ಕೊನೆಯ ತಪಾಸಣೆ ಯಾವಾಗ, ತಪಾಸಣೆ ಪುಸ್ತಕದ ಆ ಪುಟದ ನಕಲು ಕೊಡಿ ಎಂದು ಮಳೆಗಾಲಕ್ಕೆ ಮುಂಚೆ ಅರ್ಜಿ ಹಾಕಿ. ಬಂದ ಉತ್ತರದ ಒಂದು ಪ್ರತಿಯನ್ನು ನಮ್ಮ ಕಚೇರಿಗೂ ಕಳಿಸಿ. ಉತ್ತರ ಬಾರದಿದ್ದರೆ ಅದನ್ನೂ ಒಂದು ಕಾರ್ಡಿನಲ್ಲಿ ಬರೆದು ಹಾಕಿ.